ಕುರ್‌ಆನ್‌ನಲ್ಲಿ ‘ಹೃದಯ’ವನ್ನು ಸಂಶೋಧಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ತಿಳಿಯುವುದು ತಲೆಯ ಕೆಲಸ, ಮಿಡಿಯುವುದು ಎದೆಯ ಕೆಲಸ ಎಂಬ ಹಂಚಿಕೆಗೆ ನಾವೆಲ್ಲ ಒಗ್ಗಿಹೋಗಿದ್ದೇವೆ. ಅದೇ ಎಣಿಕೆಯಲ್ಲಿ ಕುರ್‌ಆನ್ ತೆರೆದು ಹೃದಯದ ಬಗ್ಗೆ ಏನಿದೆ ಎಂದು ಹುಡುಕಿದರೆ ಪ್ರೀತಿ, ಕರುಣೆ, ನೆಮ್ಮದಿಯ ನಾಲ್ಕಾರು ವಚನಗಳು ಸಿಗುತ್ತವೆ. ಒಂದು ಲೇಖನವೂ ಆಗುತ್ತದೆ. ವಿಷಯ ಮಾತ್ರ ಕೈತಪ್ಪಿರುತ್ತದೆ. ಕುರ್‌ಆನ್‌ನ ಹೃದಯ ಮೊದಲಿಗೆ ಅರಿಯುವ ಅಂಗ. ‘ಅಲ್-ಹಜ್ಜ್’ ಅಧ್ಯಾಯದಲ್ಲಿ ಬರುವ ಮಾತು ನೋಡಿ (22:46, ಅಂದರೆ 22ನೇ ಅಧ್ಯಾಯದ 46ನೇ ವಚನ): ಅವರು ಭೂಮಿಯಲ್ಲಿ ತಿರುಗಾಡಲಿಲ್ಲವೇ, ತಿರುಗಾಡಿದ್ದರೆ ವಿವೇಚಿಸುವ ಹೃದಯಗಳು ಅವರದಾಗುತ್ತಿದ್ದವು, ಕುರುಡಾಗುವುದು ಕಣ್ಣುಗಳಲ್ಲ, ಎದೆಯೊಳಗಿನ ಹೃದಯಗಳು. ಇಲ್ಲಿ ‘ವಿವೇಚಿಸುವ’ ಎಂಬುದಕ್ಕೆ ಬಳಕೆಯಾಗಿರುವುದು ‘ಅಕ್ಲ್’ ಎಂಬ ಧಾತುವಿನ ಕ್ರಿಯಾಪದ. ಆ ಧಾತು ಕುರ್‌ಆನ್‌ನಲ್ಲಿ 49 ಸಲ ಬಂದಿದೆ, ಎಲ್ಲ ಕಡೆಯೂ ಕ್ರಿಯಾಪದವಾಗಿಯೇ. ‘ಬುದ್ಧಿ’ ಎಂಬ ನಾಮಪದವಾಗಿ ಒಮ್ಮೆಯೂ ಇಲ್ಲ. ಅಂದರೆ ಬುದ್ಧಿ ಒಂದು ವಸ್ತುವಲ್ಲ, ಮಾಡುವ ಕೆಲಸ. ಮೇಲಿನ ವಚನದಲ್ಲಿ ಆ ಕೆಲಸ ಮಾಡುವುದು ಹೃದಯ.

ಈ ವಿಷಯ ಕೈಗೆತ್ತಿಕೊಂಡವರಿಗೆ ಬೇರೆ ಸಂಶೋಧಕರಿಗಿಲ್ಲದ ಒಂದು ತೊಡಕಿದೆ. ನೀವು ಯಾವುದನ್ನು ಪರೀಕ್ಷಿಸುತ್ತಿದ್ದೀರೋ, ಈ ಗ್ರಂಥದ ಲೆಕ್ಕದಲ್ಲಿ ಅದರಿಂದಲೇ ಪರೀಕ್ಷಿಸುತ್ತಿದ್ದೀರಿ. ಹಾಗಾಗಿ ಪಠ್ಯದ ಜೊತೆಗಿನ ಶಿಸ್ತು ಒಂದು ಕಡೆ, ತನ್ನನ್ನೇ ತಪಾಸಣೆಗೆ ಒಡ್ಡಿಕೊಳ್ಳುವ ಶಿಸ್ತು ಇನ್ನೊಂದು ಕಡೆ, ಎರಡೂ ಬೇಕು. ವಿಶ್ವವಿದ್ಯಾಲಯದವರು ಮೊದಲನೆಯದನ್ನು ಮಾತ್ರ ಕಲಿಸುತ್ತಾರೆ, ಉಪದೇಶಕರು ಎರಡನೆಯದನ್ನು ಮಾತ್ರ ಹೇಳುತ್ತಾರೆ. ಇಸ್ಲಾಮೀ ವಿದ್ವತ್ತಿನ ಹಳೆಯ ಪರಂಪರೆ ಎರಡನ್ನೂ ಒಟ್ಟಿಗೆ ಕೇಳುತ್ತಿತ್ತು. ಕೆಳಗಿನ ಹಂತಗಳನ್ನು ಆ ಲೆಕ್ಕದಲ್ಲೇ ಹೊಂದಿಸಿದ್ದೇನೆ. ಸ್ನಾತಕೋತ್ತರ ಪ್ರಬಂಧಕ್ಕೂ ಆಗುತ್ತದೆ, ಮದ್ರಸ ಮುಗಿಸಿ ಸ್ವಂತವಾಗಿ ಓದುತ್ತಿರುವವರಿಗೂ ಆಗುತ್ತದೆ. ನಂಬಿಕೆಯಿಂದ ಹೊರಗಿರುವವರು ಎಂಟನೇ ಹಂತವನ್ನು ತಮಗೆ ಬೇಕಾದಂತೆ ಓದಿಕೊಳ್ಳಬಹುದು. ಉಳಿದದ್ದರಲ್ಲಿ ರಿಯಾಯಿತಿ ಇಲ್ಲ.

ಮೊದಲೇ ಒಂದು ಕಾಗುಣಿತದ ಮಾತು. ಅರಬಿಯಲ್ಲಿ ಹೃದಯಕ್ಕಿರುವ ಪದವನ್ನು ಕನ್ನಡದಲ್ಲಿ ‘ಕಲ್ಬ್’ ಎಂದು ಬರೆದರೆ ಅದು ನಾಯಿ ಎಂಬ ಅರ್ಥದ ಪದಕ್ಕೂ ಸರಿಹೊಂದಿಬಿಡುತ್ತದೆ. ಎರಡೂ ಬೇರೆ ಬೇರೆ ‘ಕ’ಕಾರಗಳು, ನಮ್ಮ ಲಿಪಿಯಲ್ಲಿ ಒಂದೇ. ಅದಕ್ಕೇ ಇಲ್ಲಿ ‘ಖಲ್ಬ್’ ಎಂದು ಬರೆಯುತ್ತೇನೆ. ನೀವು ಯಾವುದನ್ನೇ ಆರಿಸಿ, ಮೊದಲ ಪುಟದಲ್ಲಿ ಹೇಳಿ, ಕೊನೆಯವರೆಗೂ ಬದಲಿಸಬೇಡಿ.

ಹಂತ 1: ಪ್ರಶ್ನೆಯನ್ನು ಸಣ್ಣದು ಮಾಡಿ

‘ಕುರ್‌ಆನ್‌ನಲ್ಲಿ ಹೃದಯ’ ಎಂಬುದು ಶೀರ್ಷಿಕೆ, ಪ್ರಶ್ನೆಯಲ್ಲ. ಉತ್ತರ ಹೌದೋ ಅಲ್ಲವೋ, ಹೀಗೋ ಹಾಗೋ ಎಂದು ಹೇಳಬಹುದಾದ ಒಂದು ಪ್ರಶ್ನೆ ಬೇಕು. ‘ಹೃದಯದಲ್ಲಿ ರೋಗ’ ಎಂಬ ಮಾತು ಎಲ್ಲ ಕಡೆಯೂ ಕಪಟವಿಶ್ವಾಸವನ್ನೇ ಸೂಚಿಸುತ್ತದೆಯೇ? ಕಿವಿ, ಕಣ್ಣು, ಹೃದಯ ಎಂಬ ಮೂರರ ಸಾಲು ಎಲ್ಲೆಲ್ಲಿ, ಯಾವ ಕ್ರಮದಲ್ಲಿ ಬರುತ್ತದೆ? ‘ಸಲೀಮ್’ ಹೃದಯ, ಅಂದರೆ ಕುಂದಿಲ್ಲದ ಹೃದಯ, ಎರಡು ಕಡೆ ಮಾತ್ರ ಬರುತ್ತದೆ (26:89, 37:84), ಎರಡೂ ಕಡೆ ಪ್ರವಾದಿ ಇಬ್ರಾಹೀಮರ ಸಂದರ್ಭದಲ್ಲಿ, ಏಕೆ? ಇಂಥವು ನಡೆಯುತ್ತವೆ.

ಈ ಮಾರ್ಗದರ್ಶಿಯ ಉದ್ದಕ್ಕೂ ಉದಾಹರಣೆಗೆ ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ: ‘ಅಲ್ಲಾಹನು ಅವರ ಹೃದಯಗಳ ಮೇಲೆ ಮುದ್ರೆ ಒತ್ತಿದ್ದಾನೆ’ (2:7). ಮುದ್ರೆ ಬೀಳುವುದು ಮನುಷ್ಯನ ನಡತೆಗೆ ಮುಂಚೆಯೋ, ಅದರ ಫಲವಾಗಿಯೋ? ಕುರ್‌ಆನ್ ಓದಲು ಕೂತವರು ಎರಡನೇ ಅಧ್ಯಾಯದ ಮೊದಲ ಪುಟದಲ್ಲೇ ಎದುರಾಗುವ ಈ ವಚನದಲ್ಲಿ ನಿಂತುಬಿಡುತ್ತಾರೆ. ದೇವರೇ ಬಾಗಿಲು ಹಾಕಿದ ಮೇಲೆ ಮನುಷ್ಯನ ತಪ್ಪೇನು ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸಾವಿರ ವರ್ಷಕ್ಕೂ ಹಿಂದಿನಿಂದ ಕೇಳುತ್ತ ಬಂದಿದ್ದಾರೆ.

ಹಂತ 2: ಎಲ್ಲವನ್ನೂ ಕೂಡಿಹಾಕಿ, ಆಮೇಲೆ ಮಾತಾಡಿ

ವಿಷಯವಾರು ವ್ಯಾಖ್ಯಾನಕ್ಕೆ ಅರಬಿಯಲ್ಲಿ ‘ತಫ್ಸೀರ್ ಮೌದೂಈ’ ಎನ್ನುತ್ತಾರೆ. 20ನೇ ಶತಮಾನದಲ್ಲಿ ಈಜಿಪ್ಟಿನ ಅಮೀನ್ ಅಲ್-ಖೂಲಿ, ಅವರ ಶಿಷ್ಯೆ ಬಿಂತುಶ್ಶಾತಿ, ಇರಾಕಿನ ಮುಹಮ್ಮದ್ ಬಾಕಿರ್ ಅಲ್-ಸದ್ರ್ ಇದಕ್ಕೆ ಒತ್ತು ಕೊಟ್ಟರು. ಜಪಾನಿನ ತೋಶಿಹಿಕೊ ಇಝುತ್ಸು ಪದಗಳ ಪರಸ್ಪರ ಸಂಬಂಧದ ದಾರಿಯಿಂದ ಬಂದು ಇದೇ ನೆಲ ಅಗೆದರು. ಎಲ್ಲರಿಗೂ ಸಾಮಾನ್ಯವಾದ ನಿಯಮ ಒಂದು: ಒಂದು ವಿಷಯದ ಎಲ್ಲ ವಚನಗಳು ಮುಂದೆ ಇಲ್ಲದೆ ತೀರ್ಮಾನ ಹೇಳಬಾರದು.

ಇದಕ್ಕೆ ಬೇಕಾದ ಸಾಧನಗಳು ಈಗ ಸುಲಭ. ಮುಹಮ್ಮದ್ ಫುಆದ್ ಅಬ್ದುಲ್ ಬಾಕಿ ಸಿದ್ಧಪಡಿಸಿದ ಪದಸೂಚಿ ಇಂದಿಗೂ ಮೇಜಿನ ಮೇಲಿರಬೇಕಾದ ಪುಸ್ತಕ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕುರ್‌ಆನಿಕ್ ಅರಾಬಿಕ್ ಕಾರ್ಪಸ್‌ನಲ್ಲಿ ಪ್ರತಿ ಪದದ ಧಾತು, ವ್ಯಾಕರಣ ಉಚಿತವಾಗಿ ಸಿಗುತ್ತದೆ. ಅದರ ಪ್ರಕಾರ ಖಲ್ಬ್‌ನ ಧಾತು 168 ಕಡೆ ಇದೆ, ಅದರಲ್ಲಿ ಹೃದಯ ಎಂಬ ನಾಮಪದ 132. ಉಳಿದವು ತಿರುಗು, ಮಗುಚು, ಹಿಂದಿರುಗು ಎಂಬಂಥ ಕ್ರಿಯೆಗಳು. ‘ಕುರ್‌ಆನ್‌ನಲ್ಲಿ ಹೃದಯ ಇಷ್ಟು ಸಲ ಬರುತ್ತದೆ’ ಎಂದು ಭಾಷಣಗಳಲ್ಲಿ ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುವುದು ಇದರಿಂದಲೇ: ಯಾರು ಏನನ್ನು ಎಣಿಸಿದರು ಎಂದು ಹೇಳುವುದಿಲ್ಲ. ನೀವು ಹೇಳಿ.

ನಮ್ಮ ಉದಾಹರಣೆಗೆ ‘ಮುದ್ರೆ’ ಎಂಬ ಒಂದೇ ಪದ ಸಾಲದು. ಹೃದಯ ಮುಚ್ಚಿಹೋಗುವುದನ್ನು ಕುರ್‌ಆನ್ ಹಲವು ಪದಗಳಲ್ಲಿ ಹೇಳುತ್ತದೆ. ‘ಖತ್ಮ್’, ಮುದ್ರೆ: 2:7, 6:46, 42:24, 45:23. ‘ತಬ್‌ಅ’, ಅಚ್ಚೊತ್ತುವುದು: 4:155, 7:100, 7:101, 9:87, 9:93, 10:74, 16:108, 30:59, 40:35, 47:16, 63:3. ‘ಅಕಿನ್ನ’, ಹೊದಿಕೆ: 6:25, 17:46, 18:57, 41:5. ‘ಗುಲ್ಫ್’, ಸುತ್ತಿಟ್ಟದ್ದು: 2:88, 4:155. ‘ರಾನ’, ತುಕ್ಕು ಕವಿಯುವುದು: 83:14. ‘ಅಕ್ಫಾಲ್’, ಬೀಗಗಳು: 47:24. ಇದಕ್ಕೆ 61:5ನ್ನೂ 9:77ನ್ನೂ ಸೇರಿಸಿ. ಅಲ್ಲಿ ಈ ಪದಗಳಿಲ್ಲ, ಆದರೆ ವಿಷಯ ಅದೇ. ಪದ ಹುಡುಕಿದರೆ ಸಿಗದೆ, ಓದಿದರೆ ಮಾತ್ರ ಸಿಗುವ ವಚನಗಳು ಯಾವಾಗಲೂ ಇರುತ್ತವೆ. ಹಾಗಾಗಿ ಒಮ್ಮೆಯಾದರೂ 114 ಅಧ್ಯಾಯಗಳನ್ನು ಆರಂಭದಿಂದ ಕೊನೆಯವರೆಗೆ, ಈ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ. ಬೇಸರದ ಕೆಲಸವೇ. ಬಿಟ್ಟವರ ಪ್ರಬಂಧ ಎರಡನೇ ಪುಟಕ್ಕೇ ಗೊತ್ತಾಗುತ್ತದೆ.

ಅರಬಿ ಬಾರದವರು ಕನಿಷ್ಠ ಎರಡು ಕನ್ನಡ ಅನುವಾದ ಪಕ್ಕಪಕ್ಕ ಇಟ್ಟುಕೊಳ್ಳಿ. ಮಂಗಳೂರಿನ ಶಾಂತಿ ಪ್ರಕಾಶನದ ಅನುವಾದವಿದೆ, ಅಬ್ದುಸ್ಸಲಾಮ್ ಪುತ್ತಿಗೆ ಅವರದ್ದಿದೆ. ಅನುವಾದ ಮಾತ್ರ ನೆಚ್ಚಿ ಪದಗಳ ಬಗ್ಗೆ ತೀರ್ಪು ಕೊಡುವಂತಿಲ್ಲ. ಆದರೆ ಅರಬಿ ಅಕ್ಷರಗಳನ್ನು ಕೂಡಿಸಿ ಓದುವಷ್ಟು ಬಂದರೂ ಧಾತುಸೂಚಿ ಬಳಸಬಹುದು.

ಹಂತ 3: ಪಟ್ಟಿ ಮಾಡಿ, ಯಾರು ಮಾತಾಡುತ್ತಿದ್ದಾರೆಂದು ಕೇಳಿ

ಎಕ್ಸೆಲ್ ಹಾಳೆಯಲ್ಲಿ ಒಂದೊಂದು ವಚನಕ್ಕೆ ಒಂದೊಂದು ಸಾಲು. ಅಂಕಣಗಳು ಹೀಗಿರಲಿ: ವಚನದ ಸಂಖ್ಯೆ, ಅರಬಿ ಪದ, ಯಾರ ಹೃದಯ, ಕ್ರಿಯೆಯ ಕರ್ತೃ ಯಾರು, ಕಾರಣ ಹೇಳಿದೆಯೇ, ಪರಿಣಾಮವೇನು, ಮಾತಾಡುತ್ತಿರುವವರು ಯಾರು.

ಕೊನೆಯ ಅಂಕಣವನ್ನು ಬಹುಮಂದಿ ಹಾಕುವುದೇ ಇಲ್ಲ. ಹಾಕಿ ನೋಡಿ. 41:5ರಲ್ಲಿ ‘ನಮ್ಮ ಹೃದಯಗಳು ಹೊದಿಕೆಯೊಳಗಿವೆ’ ಎನ್ನುತ್ತಿರುವುದು ಕುರ್‌ಆನ್ ಅಲ್ಲ, ಪ್ರವಾದಿಯನ್ನು ನಿರಾಕರಿಸುತ್ತಿದ್ದವರು, ಅದೂ ಹೆಮ್ಮೆಯಿಂದ. 2:88ರಲ್ಲೂ ‘ನಮ್ಮ ಹೃದಯಗಳು ಸುತ್ತಿಟ್ಟಂತಿವೆ’ ಎನ್ನುವುದು ಎದುರು ಪಕ್ಷ, ಅದಕ್ಕೆ ಕುರ್‌ಆನ್ ‘ಹಾಗಲ್ಲ’ ಎಂದು ಉತ್ತರಿಸುತ್ತದೆ. 4:155ರಲ್ಲಿ ಎರಡೂ ಎದುರುಬದುರು ನಿಂತಿವೆ: ಅವರು ‘ಸುತ್ತಿಟ್ಟಿದೆ’ ಎನ್ನುತ್ತಾರೆ, ಉತ್ತರ ಬರುತ್ತದೆ, ‘ಅಲ್ಲ, ಅವರ ನಿರಾಕರಣೆಯ ಕಾರಣಕ್ಕೆ ಅಲ್ಲಾಹನು ಅಚ್ಚೊತ್ತಿದ್ದಾನೆ’. ಮುಚ್ಚಿದ ಹೃದಯವನ್ನು ನೆಪ ಮಾಡಿಕೊಂಡವರಿಗೆ ಕುರ್‌ಆನ್ ಕೊಡುವ ತಿರುಗುತ್ತರವನ್ನೇ ನಾವು ಆ ನೆಪದ ಸಮರ್ಥನೆ ಎಂದು ಓದಿಬಿಡುವ ಅಪಾಯವಿದೆ.

ಕಾರಣದ ಅಂಕಣ ತುಂಬುತ್ತ ಹೋದಂತೆ ಚಿತ್ರ ಸ್ಪಷ್ಟವಾಗುತ್ತದೆ. ‘ಅವರು ಅಡ್ಡದಾರಿ ಹಿಡಿದಾಗ ಅಲ್ಲಾಹನು ಅವರ ಹೃದಯಗಳನ್ನು ಅಡ್ಡದಾರಿಗೆ ತಿರುಗಿಸಿದನು’ (61:5). ‘ಅವರು ವಿಶ್ವಾಸವಿಟ್ಟು ಆಮೇಲೆ ನಿರಾಕರಿಸಿದರು, ಆಗ ಅಚ್ಚೊತ್ತಲಾಯಿತು’ (63:3). ‘ಅವರು ಗಳಿಸಿದ್ದೇ ಅವರ ಹೃದಯಗಳ ಮೇಲೆ ತುಕ್ಕಾಗಿ ಕವಿದಿದೆ’ (83:14). 10:74ರಲ್ಲಿ ‘ಮಿತಿಮೀರಿದವರ’, 40:35ರಲ್ಲಿ ‘ಪ್ರತಿಯೊಬ್ಬ ದುರಹಂಕಾರಿ ದಬ್ಬಾಳಿಕೆಗಾರನ’ ಹೃದಯ. ಕಾರಣ ವಿಶೇಷಣದಲ್ಲೇ ಅಡಗಿದೆ. ಹಾಗೆಂದು ಎಲ್ಲ ಸಾಲುಗಳೂ ತುಂಬುವುದಿಲ್ಲ. 2:7ರ ವಾಕ್ಯದಲ್ಲಿ ಕಾರಣವಿಲ್ಲ, ಅದರ ಹಿಂದಿನ ವಚನದಲ್ಲಿ ‘ನಿರಾಕರಿಸಿದವರು’ ಎಂಬ ಮಾತಷ್ಟೇ ಇದೆ. 6:46 ಒಂದು ಪ್ರಶ್ನೆಯ ರೂಪದಲ್ಲಿದೆ. ಖಾಲಿ ಬಿಟ್ಟದ್ದನ್ನು ಖಾಲಿಯಾಗಿಯೇ ಬಿಡಿ. ನಿಮ್ಮ ವಾದಕ್ಕೆ ಅನುಕೂಲವೆಂದು ತುಂಬಬೇಡಿ.

ಒಂದೇ ನುಡಿಗಟ್ಟು ಎಲ್ಲ ಕಡೆ ಒಂದೇ ಅರ್ಥ ಕೊಡುತ್ತದೆ ಎಂದೂ ಎಣಿಸಬಾರದು. ‘ಹೃದಯದಲ್ಲಿ ರೋಗ’ ಎಂಬುದು 12 ವಚನಗಳಲ್ಲಿದೆ. ಬಹುಪಾಲು ಮದೀನಾದ ಕಪಟವಿಶ್ವಾಸಿಗಳ ಸುತ್ತಲೇ. ಆದರೆ 33:32ರಲ್ಲಿ ಪ್ರವಾದಿಪತ್ನಿಯರಿಗೆ ಮಾತಿನಲ್ಲಿ ಮೆತ್ತಗಾಗಬೇಡಿ, ಹೃದಯದಲ್ಲಿ ರೋಗವಿದ್ದವನು ಆಸೆಪಟ್ಟಾನು ಎನ್ನುವಾಗ ಅದು ಕಾಮದ ಮಾತು. ಅಂತೆಯೇ 33:10ರಲ್ಲಿ, ಕ್ರಿ.ಶ. 627ರ ಕಂದಕ ಯುದ್ಧದ ಮುತ್ತಿಗೆಯ ಹೊತ್ತಿನಲ್ಲಿ, ಹೃದಯಗಳು ಗಂಟಲಿಗೆ ಬಂದವು ಎಂದರೆ ಬರೀ ಭಯ. ಅದರಲ್ಲಿ ಜ್ಞಾನಮೀಮಾಂಸೆ ಹುಡುಕಬೇಡಿ.

ಹಂತ 4: ನೆರೆಯ ಪದಗಳು

ಖಲ್ಬ್ ಒಂಟಿಯಲ್ಲ. ‘ಸದ್ರ್’ ಎಂದರೆ ಎದೆ: ಹಿಗ್ಗುವುದು, ಬಿಗಿಯುವುದು, ಪಿಸುಮಾತು ಹೊಗುವುದು ಅಲ್ಲಿ. ಮೂಸಾ ಫಿರ್‌ಔನನ ಬಳಿಗೆ ಹೊರಡುವಾಗ ‘ನನ್ನ ಎದೆಯನ್ನು ಅಗಲಗೊಳಿಸು’ ಎಂದು ಬೇಡುತ್ತಾರೆ (20:25). ‘ಫುಆದ್’, ಹೃದಯಕ್ಕೇ ಇರುವ ಇನ್ನೊಂದು ಪದ, 16 ಸಲ, ಹಲವು ಕಡೆ ಕಿವಿ ಕಣ್ಣುಗಳ ಜೊತೆ. ‘ಅಲ್ಬಾಬ್’, ತಿರುಳುಳ್ಳ ವಿವೇಕ, ಇದೂ 16 ಸಲ, ಯಾವಾಗಲೂ ಬಹುವಚನದಲ್ಲಿ (ಏಕವಚನ ‘ಲುಬ್ಬ್’).

ಸೂಫಿಗಳು ಈ ನಾಲ್ಕನ್ನು ಒಂದರೊಳಗೊಂದು ಇರುವ ನಾಲ್ಕು ನೆಲೆಗಳಾಗಿ ವಿವರಿಸಿದ್ದಾರೆ: ಹೊರಗೆ ಸದ್ರ್, ಒಳಗೆ ಖಲ್ಬ್, ಅದರೊಳಗೆ ಫುಆದ್, ಕೇಂದ್ರದಲ್ಲಿ ಲುಬ್ಬ್. ಅಲ್-ಹಕೀಮ್ ಅಲ್-ತಿರ್ಮಿದಿಯವರ ಹೆಸರಿನಲ್ಲಿ ಇದಕ್ಕೇ ಮೀಸಲಾದ ಒಂದು ಕೃತಿಯಿದೆ, ಅದು ಅವರದ್ದೇ ಹೌದೇ ಎಂಬ ಚರ್ಚೆಯೂ ಇದೆ. ಸೊಗಸಾದ ವಿನ್ಯಾಸ. ಆದರೆ ಅದನ್ನು ಕುರ್‌ಆನ್‌ನದ್ದೇ ನಕಾಶೆ ಎಂದು ಬರೆಯುವ ಮುನ್ನ 28:10ರ ಮುಂದೆ ನಿಲ್ಲಿಸಿ ನೋಡಿ. ಮಗುವನ್ನು ನದಿಗೆ ಬಿಟ್ಟ ಮೂಸಾರ ತಾಯಿಯ ಫುಆದ್ ಬರಿದಾಯಿತು. ನಾವು ಅವಳ ಖಲ್ಬ್‌ಗೆ ಗಟ್ಟಿ ಕಟ್ಟು ಹಾಕದಿದ್ದರೆ ಅವಳು ಗುಟ್ಟು ಬಿಟ್ಟುಕೊಡುತ್ತಿದ್ದಳು. ಒಂದೇ ವಚನ, ಒಬ್ಬಳೇ ತಾಯಿ, ಎರಡು ಪದ. ಇವು ಎರಡು ಅಂಗಗಳೇ, ಒಂದೇ ಹೃದಯ ತಳಮಳಿಸುವಾಗ ಒಂದು ಹೆಸರು ಸ್ಥಿರಗೊಂಡಾಗ ಇನ್ನೊಂದೇ? ನನಗೆ ಎರಡನೆಯದೇ ಹೆಚ್ಚು ಒಪ್ಪುತ್ತದೆ. ನಾಲ್ಕು ನೆಲೆಗಳ ನಕಾಶೆ ಸಾಧಕರ ಅನುಭವದ ದಾಖಲೆಯಾಗಿ ದೊಡ್ಡದು. ಆದರೆ ಅದನ್ನು ಪದಕೋಶದ ಅರ್ಥವೆಂದು ಮಂಡಿಸಬೇಡಿ.

ಹಂತ 5: ಸಂದರ್ಭ, ಕಾಲಾನುಕ್ರಮ

ಪ್ರತಿ ವಚನದ ಹಿಂದುಮುಂದಿನ ಹತ್ತು ವಚನಗಳನ್ನು ಓದಿ. 16:108ರ ಮುದ್ರೆಯ ಮಾತಿಗೆ ಎರಡೇ ವಚನ ಮೊದಲು, ಬಲವಂತಕ್ಕೆ ಸಿಕ್ಕಿ ಬಾಯಲ್ಲಿ ನಿರಾಕರಿಸಿದರೂ ಹೃದಯ ವಿಶ್ವಾಸದಲ್ಲಿ ನೆಮ್ಮದಿಯಾಗಿರುವವನಿಗೆ ವಿನಾಯಿತಿ ಇದೆ. ಎರಡನ್ನೂ ಜೊತೆಗಿಟ್ಟರೆ ಮುದ್ರೆಯ ಅರ್ಥಕ್ಕೆ ಬೇರೆಯದೇ ತೂಕ ಬರುತ್ತದೆ.

ವಚನ ಅವತರಿಸಿದ್ದು ಮಕ್ಕಾದಲ್ಲೋ ಮದೀನಾದಲ್ಲೋ ಎಂಬುದನ್ನು ಗುರುತಿಸಿಕೊಳ್ಳಿ, ಆದರೆ ಅದರ ಮೇಲೆ ಮಹಡಿ ಎಬ್ಬಿಸಬೇಡಿ. 83ನೇ ಅಧ್ಯಾಯವನ್ನು ಈಜಿಪ್ಟಿನ ಪ್ರಮಾಣಿತ ಪಟ್ಟಿ ಮಕ್ಕಾದ ಕಟ್ಟಕಡೆಯದು ಎಂದು ಇಡುತ್ತದೆ. ಜರ್ಮನ್ ವಿದ್ವಾಂಸ ನ್ಯೋಲ್ಡೆಕೆ ಅದನ್ನೇ ಮಕ್ಕಾದ ಮೊದಲ ಘಟ್ಟಕ್ಕೆ ಒಯ್ಯುತ್ತಾರೆ. ‘ತುಕ್ಕಿನ ಕಲ್ಪನೆ ಬೆಳೆದು ಮುದ್ರೆಯಾಯಿತು’ ಎಂಬಂಥ ವಾದ ಹೂಡುವವರು ಈ ಅಂತರವನ್ನು ನೆನಪಿಡಬೇಕು.

ಹಂತ 6: ಪದಕೋಶ, ತಫ್ಸೀರ್

ಪದಕೋಶಗಳಲ್ಲಿ ರಾಗಿಬ್ ಅಲ್-ಇಸ್ಫಹಾನಿಯವರ ಕುರ್‌ಆನ್ ಪದಕೋಶ ಮೊದಲು, ಧಾತುವಿನ ಮೂಲಾರ್ಥಕ್ಕೆ ಇಬ್ನ್ ಫಾರಿಸ್, ವಿಸ್ತಾರಕ್ಕೆ ಇಬ್ನ್ ಮನ್ಝೂರ್. ಅಷ್ಟು ಸಾಕು.

ತಫ್ಸೀರ್‌ಗಳನ್ನು (ಅಂದರೆ ಕುರ್‌ಆನ್ ವ್ಯಾಖ್ಯಾನಗಳನ್ನು) ಆರಿಸುವಾಗ ಒಂದೇ ಬಣದವರನ್ನು ಸಾಲಾಗಿ ನಿಲ್ಲಿಸಬೇಡಿ. ನಮ್ಮ ಪ್ರಶ್ನೆಗೆ ಕನಿಷ್ಠ ಮೂವರು ಬೇಕು. ಮೊದಲನೆಯವರು ತಬರಿ (ನಿಧನ 923). ಹಿಂದಿನ ತಲೆಮಾರುಗಳ ಮಾತುಗಳನ್ನು ಹೇಳಿದವರ ಹೆಸರಿನ ಸರಪಳಿ ಸಮೇತ ಕೊಡುತ್ತಾರೆ. 2:7ರ ಕೆಳಗೆ ಅವರು ದಾಖಲಿಸಿರುವ ಒಂದು ವಿವರಣೆಗೆ ಸಾಟಿಯಿಲ್ಲ. ಪ್ರವಾದಿಯವರ ಸಂಗಾತಿ ಇಬ್ನ್ ಅಬ್ಬಾಸರ ಶಿಷ್ಯ ಮುಜಾಹಿದ್ ತಮ್ಮ ಅಂಗೈ ತೋರಿಸಿ, ಹೃದಯ ಹೀಗೆ ತೆರೆದಿರುತ್ತದೆ ಎಂದರಂತೆ. ಒಂದು ಪಾಪ ಮಾಡಿದರೆ ಒಂದು ಬೆರಳು ಮಡಚುತ್ತದೆ, ಮತ್ತೊಂದಕ್ಕೆ ಮತ್ತೊಂದು, ಕೊನೆಗೆ ಮುಷ್ಟಿ ಮುಚ್ಚುತ್ತದೆ, ಆಮೇಲೆ ಅದರ ಮೇಲೆ ಮುದ್ರೆ. ಅದೇ ಮುಜಾಹಿದರದ್ದೇ ಇನ್ನೊಂದು ಮಾತು: ತುಕ್ಕು ಅಚ್ಚಿಗಿಂತ ಹಗುರ, ಅಚ್ಚು ಬೀಗಕ್ಕಿಂತ ಹಗುರ, ಎಲ್ಲಕ್ಕಿಂತ ಕಠಿಣ ಬೀಗ. ನೀವು ಹಂತ 2ರಲ್ಲಿ ಕೂಡಿಹಾಕಿದ ಪದಗಳನ್ನು 8ನೇ ಶತಮಾನದ ಆರಂಭಕ್ಕೇ ಒಬ್ಬರು ಏರುಕ್ರಮದಲ್ಲಿ ಜೋಡಿಸಿಬಿಟ್ಟಿದ್ದರು.

ಎರಡನೆಯವರು ಝಮಖ್‌ಶರಿ (ನಿಧನ 1144), ಮುಅ್‌ತಝಿಲಿ ಪಂಥದವರು. ದೇವರು ಕೆಟ್ಟದ್ದನ್ನು ಮಾಡಿಸನು ಎಂಬುದು ಅವರ ಪಂಥದ ತಳಪಾಯ. ಅದಕ್ಕೆ ತಕ್ಕಂತೆ ಮುದ್ರೆ ನಿಜವಾದ ಮುದ್ರೆಯಲ್ಲ, ಅಲಂಕಾರ ಎನ್ನುತ್ತಾರೆ. ಮೂರನೆಯವರು ಫಖ್ರುದ್ದೀನ್ ರಾಝಿ (ನಿಧನ 1210), ಎದುರು ನಿಂತ ಅಶ್‌ಅರಿ ಪಂಥದವರು. ದೇವರ ಸಂಕಲ್ಪ, ಮನುಷ್ಯನ ಸ್ವಾತಂತ್ರ್ಯದ ಇಡೀ ಜಗಳವನ್ನೇ ಈ ಒಂದು ವಚನದ ಕೆಳಗೆ ಬಿಚ್ಚಿಡುತ್ತಾರೆ. ಈ ಇಬ್ಬರನ್ನು ಓದುವಾಗ ವಚನ ಏನು ಹೇಳುತ್ತದೆ ಎಂಬುದನ್ನೂ ಪಂಥಕ್ಕೆ ಏನು ಬೇಕಾಗಿತ್ತು ಎಂಬುದನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತು ಮಾಡಿ. ತಬರಿಗೂ ಇದೇ ಪರೀಕ್ಷೆ ಒಡ್ಡಿ. ಯಾರಿಗೂ ವಿನಾಯಿತಿ ಬೇಡ.

ಹೃದಯವೋ ಮೆದುಳೋ ಎಂಬ ತಗಾದೆಯೂ ಹಳೆಯದೇ. ವಿವೇಕದ ನೆಲೆ ಮೆದುಳು ಎನ್ನುವ ಕಡೆಗೆ ಹನಫಿ ನ್ಯಾಯಪಂಥದ ಪಂಡಿತರು ವಾಲಿದರೆ, ಶಾಫಿಈ ನ್ಯಾಯಪಂಥದವರು ಹೃದಯ ಎಂದರು. ಈಗ ಹೃದಯದ ಭಿತ್ತಿಯಲ್ಲೂ ನರಕೋಶಗಳಿವೆ ಎಂಬುದನ್ನು ಎತ್ತಿಕೊಂಡು ‘ಕುರ್‌ಆನ್ ಮೊದಲೇ ಹೇಳಿತ್ತು’ ಎಂಬ ವಿಡಿಯೋಗಳು ವಾಟ್ಸಾಪ್ ತುಂಬ ಓಡಾಡುತ್ತವೆ. ಆ ದಾರಿ ಹಿಡಿಯಬೇಡಿ. ಗಝಾಲಿ (1058–1111) ಇದನ್ನು ಒಂದೇ ಪುಟದಲ್ಲಿ ಬಗೆಹರಿಸಿದ್ದರು: ಎದೆಯ ಎಡಗಡೆಯ ಮಾಂಸದ ಮುದ್ದೆ ಪಶುಗಳಿಗೂ ಇದೆ, ಹೆಣಕ್ಕೂ ಇದೆ, ಅದು ವೈದ್ಯರ ವಿಷಯ, ನಾನು ಹೇಳುತ್ತಿರುವುದು ಅದರೊಡನೆ ಹೇಗೋ ನಂಟಿರುವ, ಅರಿಯುವ, ಉತ್ತರದಾಯಿಯಾದ ಸೂಕ್ಷ್ಮ ತತ್ತ್ವ.

ಹಂತ 7: ಹದೀಸ್ ಬಳಸುವ ಮುನ್ನ ಸರಪಳಿ ಪರೀಕ್ಷಿಸಿ

ಹದೀಸ್ ಎಂದರೆ ಪ್ರವಾದಿಯವರ ನುಡಿ-ನಡೆಗಳ ವರದಿ, ಸರಪಳಿ ಎಂದರೆ ಅದನ್ನು ಒಬ್ಬರಿಂದೊಬ್ಬರು ಹೇಳುತ್ತ ಬಂದವರ ಹೆಸರುಗಳು. ಈ ವಿಷಯದಲ್ಲಿ ಗಟ್ಟಿ ಹದೀಸ್‌ಗಳ ಪಕ್ಕದಲ್ಲೇ ಜನಪ್ರಿಯ ಸುಳ್ಳುಗಳೂ ಇವೆ. ‘ದೇಹದಲ್ಲೊಂದು ಮಾಂಸದ ತುಂಡಿದೆ, ಅದು ಸರಿಯಿದ್ದರೆ ಇಡೀ ದೇಹ ಸರಿ’ ಎಂಬುದು ನುಅ್‌ಮಾನ್ ಬಿನ್ ಬಶೀರರಿಂದ ಬುಖಾರಿ, ಮುಸ್ಲಿಮ್ ಎಂಬ ಹದೀಸ್ ಸಂಗ್ರಹಗಳೆರಡರಲ್ಲೂ ಬಂದಿದೆ. ಪಾಪ ಮಾಡಿದಾಗ ಹೃದಯದ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ, ಪಶ್ಚಾತ್ತಾಪಪಟ್ಟರೆ ಹೊಳಪು ಮರಳುತ್ತದೆ, ಇಲ್ಲದಿದ್ದರೆ ಚುಕ್ಕೆ ಬೆಳೆದು ಹೃದಯವನ್ನೇ ಮುಚ್ಚುತ್ತದೆ ಎಂಬ ಅಬೂ ಹುರೈರಾರ ವರದಿ ತಿರ್ಮಿದಿಯ ಹದೀಸ್ ಸಂಗ್ರಹದಲ್ಲಿದೆ (ಹಂತ 4ರ ಅಲ್-ಹಕೀಮ್ ಬೇರೆಯವರು); ಅದು ತಾನೇ 83:14ನ್ನು ಉಲ್ಲೇಖಿಸುವುದರಿಂದ ನಮ್ಮ ಪ್ರಶ್ನೆಗೆ ನೇರ ಸಾಕ್ಷ್ಯ. ತಬರಿ 2:7ರ ಅರ್ಥ ನಿರ್ಧರಿಸಲು ಬಳಸುವುದೂ ಇದನ್ನೇ.

ಇನ್ನು ‘ಆಕಾಶ ಭೂಮಿಗಳು ನನ್ನನ್ನು ಹಿಡಿಸಲಾರವು, ವಿಶ್ವಾಸಿಯ ಹೃದಯ ಹಿಡಿಸುತ್ತದೆ’ ಎಂಬುದು. ಭಕ್ತಿ ಉಕ್ಕಿಸುವ ಮಾತು, ಸೂಫಿ ಸಾಹಿತ್ಯದಲ್ಲಿ ಎಲ್ಲೆಲ್ಲೂ ಇದೆ, ಪ್ರವಾದಿಯವರಿಗೆ ತಲುಪುವ ಸರಪಳಿ ಇಲ್ಲ. ‘ತನ್ನನ್ನು ಅರಿತವನು ತನ್ನ ಪ್ರಭುವನ್ನು ಅರಿತನು’ ಎಂಬುದರ ಕಥೆಯೂ ಅದೇ. ಸೂಫಿಗಳ ಮಾತಾಗಿ ಉಲ್ಲೇಖಿಸಿ, ಹದೀಸ್ ಎನ್ನಬೇಡಿ. ಗಝಾಲಿಯವರ ಮಹಾಕೃತಿ ‘ಇಹ್ಯಾ’ದಲ್ಲೇ ದುರ್ಬಲ ವರದಿಗಳು ಸಾಕಷ್ಟಿವೆ. ಅದಕ್ಕೆಂದೇ 14ನೇ ಶತಮಾನದ ಹದೀಸ್ ತಜ್ಞ ಝೈನುದ್ದೀನ್ ಅಲ್-ಇರಾಕಿ ಪ್ರತಿಯೊಂದರ ಮೂಲ ಹುಡುಕಿ ಟಿಪ್ಪಣಿ ಬರೆದರು. ಆ ಟಿಪ್ಪಣಿಗಳಿರುವ ಮುದ್ರಣವನ್ನೇ ಕೊಳ್ಳಿ.

‘ನಿನ್ನ ಹೃದಯದ ಫತ್ವಾ ಕೇಳು’ ಎಂಬ ವಾಬಿಸಾರ ಹದೀಸ್ ಬಗ್ಗೆ ಒಂದು ಎಚ್ಚರಿಕೆ. ಮನಸ್ಸಿಗೆ ತೋಚಿದ್ದೇ ಪ್ರಮಾಣ ಎಂಬುದಕ್ಕೆ ಇದನ್ನು ಎಳೆದು ತರುತ್ತಾರೆ. ಜನ ಸರಿ ಎಂದು ತೀರ್ಪು ಕೊಟ್ಟರೂ ಎದೆಯಲ್ಲಿ ಕಸಿವಿಸಿ ಉಳಿದರೆ ಅದು ಪಾಪದ ಗುರುತು ಎಂಬುದು ಆ ಮಾತಿನ ದಿಕ್ಕು. ಅನುಮತಿಯನ್ನು ಸಡಿಲಿಸುವುದಕ್ಕಲ್ಲ, ಬಿಗಿ ಮಾಡುವುದಕ್ಕೆ.

ಹಂತ 8: ಈಗ ನಿಮ್ಮ ಸರದಿ

ಎಲ್ಲ ಪುರಾವೆ ಮೇಜಿನ ಮೇಲಿದೆ. ತೀರ್ಮಾನ ಬರೆಯುವ ಮುನ್ನ ಒಂದು ವಾರ ನಿಲ್ಲಿಸಿ, ನಿಮ್ಮ ಕಡೆ ನೋಡಿಕೊಳ್ಳಿ. ‘ನಿನಗೆ ತಿಳಿಯದುದರ ಬೆನ್ನು ಹತ್ತಬೇಡ, ಕಿವಿ, ಕಣ್ಣು, ಹೃದಯ, ಇವೆಲ್ಲವುಗಳ ಬಗ್ಗೆ ವಿಚಾರಣೆ ಇದೆ’ (17:36). ಸಂಶೋಧಕರು ಗೋಡೆಗೆ ಅಂಟಿಸಿಕೊಳ್ಳಬೇಕಾದ ವಚನ ಇದೊಂದೇ ಎಂದರೂ ನಡೆದೀತು.

ಇಸ್ಲಾಮೀ ಸಂಶೋಧನಾ ವಿಧಾನ ಎಂದರೇನು ಎಂಬ ಚರ್ಚೆ 1977ರ ಮಕ್ಕಾ ಶಿಕ್ಷಣ ಸಮ್ಮೇಳನದ ನಂತರ ಬಲವಾಗಿ ನಡೆಯಿತು. ಇಸ್ಮಾಈಲ್ ಫಾರೂಕಿ ‘ಜ್ಞಾನದ ಇಸ್ಲಾಮೀಕರಣ’ ಎಂದರು, ನಕೀಬ್ ಅಲ್-ಅತ್ತಾಸ್ ‘ಅದಬ್’, ಅಂದರೆ ಸಂಸ್ಕಾರದ ಶಿಸ್ತು, ಎಂದರು. ಘೋಷಣೆಗಳ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. ಕೈಗೆ ಹತ್ತುವ ವಿಧಾನ ಅದಕ್ಕಿಂತ ಎಂಟೊಂಬತ್ತು ಶತಮಾನ ಹಿಂದೆಯೇ ಇದೆ, ಗಝಾಲಿಯವರ ‘ಇಹ್ಯಾ’ದ ‘ಹೃದಯದ ಅದ್ಭುತಗಳು’ ಭಾಗದಲ್ಲಿ. ಹೃದಯ ಕನ್ನಡಿ, ಸತ್ಯ ಅದರಲ್ಲಿ ಮೂಡಬೇಕಾದ ಬಿಂಬ. ಮೂಡದಿರಲು ಐದು ಕಾರಣ ಎನ್ನುತ್ತಾರೆ. ಕನ್ನಡಿಯೇ ಇನ್ನೂ ಪೂರ್ತಿಯಾಗಿಲ್ಲ, ಎಳೆ ಮಗುವಿನಂತೆ. ಕೊಳೆ ಹಿಡಿದಿದೆ. ಬೇರೆ ಕಡೆಗೆ ತಿರುಗಿದೆ. ನಡುವೆ ಪರದೆ ಇದೆ. ವಸ್ತು ಯಾವ ದಿಕ್ಕಿನಲ್ಲಿದೆ ಎಂದೇ ಗೊತ್ತಿಲ್ಲ.

ಎರಡನೆಯದನ್ನು ಎಲ್ಲರೂ ಉಪದೇಶಿಸುತ್ತಾರೆ. ಸಂಶೋಧಕರಿಗೆ ಚುರುಕು ಮುಟ್ಟಿಸುವುದು ಉಳಿದವು. ಮೂರನೆಯದರಲ್ಲಿ ಗಝಾಲಿ ತೋರಿಸುವುದು ಪಾಪಿಯನ್ನಲ್ಲ, ಸಜ್ಜನನನ್ನು: ಆತ ಒಳ್ಳೆಯವನೇ, ಆದರೆ ಗಮನ ದಿನನಿತ್ಯದ ಆಚರಣೆಯ ವಿವರಗಳಲ್ಲೋ ಜೀವನೋಪಾಯದಲ್ಲೋ ಇದೆ, ಆತ ಯಾವುದನ್ನು ಚಿಂತಿಸುತ್ತಾನೋ ಅದಷ್ಟೇ ಆತನಿಗೆ ತಿಳಿಯುತ್ತದೆ. ನಾಲ್ಕನೆಯ ಪರದೆ ಯಾವುದು? ಬಾಲ್ಯದಿಂದ ಕೇಳಿ ನಂಬಿಕೊಂಡ ಅಭಿಪ್ರಾಯಗಳು. ಬಹುತೇಕ ಮತಮೀಮಾಂಸಕರೂ ಪಂಥಾಭಿಮಾನಿಗಳೂ, ಸಜ್ಜನರಲ್ಲೂ ಹೆಚ್ಚಿನವರು ಈ ಪರದೆಯ ಹಿಂದಿದ್ದಾರೆ ಎಂದು ಅವರು ಮುಲಾಜಿಲ್ಲದೆ ಬರೆಯುತ್ತಾರೆ. ಐದನೆಯದು ಅಪ್ಪಟ ವಿಧಾನದ ಮಾತು: ಹೊಸ ತಿಳಿವಳಿಕೆ ಈಗಾಗಲೇ ಗೊತ್ತಿರುವ ಎರಡರ ಸರಿಯಾದ ಜೋಡಣೆಯಿಂದ ಹುಟ್ಟುತ್ತದೆ, ಜೋಡಿಸಲು ಬಾರದವನ ಹೃದಯ ಎಷ್ಟು ಶುದ್ಧವಾಗಿದ್ದರೂ ಬಿಂಬ ಮೂಡದು. ಅಂದರೆ ಪ್ರಾರ್ಥನೆ ತರ್ಕಕ್ಕೆ ಬದಲಿಯಲ್ಲ.

ಇದನ್ನು ಕೆಲಸಕ್ಕೆ ಇಳಿಸುವುದು ಹೀಗೆ. ಸಂಶೋಧನೆ ಆರಂಭಿಸುವ ದಿನವೇ, ಯಾವ ತೀರ್ಮಾನ ಬಂದರೆ ನನಗೆ ಸಂತೋಷ ಎಂದು ಒಂದು ಸಾಲು ಬರೆದು ಮುಚ್ಚಿಡಿ. ಈಗ ತೆಗೆಯಿರಿ. ಬಂದ ತೀರ್ಮಾನ ಅದೇ ಆಗಿದ್ದರೆ ವಿರುದ್ಧ ಸಾಕ್ಷ್ಯಗಳನ್ನು ಇನ್ನೊಮ್ಮೆ, ಎದುರಾಳಿಯ ವಕೀಲರಂತೆ ಓದಿ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳ್ವೆ ನಡೆಸಿದ ವಿಜ್ಞಾನಿ ಇಬ್ನುಲ್ ಹೈಥಮ್, ಟಾಲೆಮಿಯನ್ನು ವಿಮರ್ಶಿಸುವಾಗ, ಸತ್ಯ ಹುಡುಕುವವನು ಓದಿದ್ದೆಲ್ಲಕ್ಕೂ ವಿರೋಧಿಯಾಗಿ ನಿಲ್ಲಬೇಕು, ಜೊತೆಗೆ ತನ್ನನ್ನೂ ಶಂಕಿಸಬೇಕು ಎಂಬರ್ಥದ ಮಾತು ಬರೆದಿದ್ದರು. ಬಗ್ದಾದಿನ ಮುಹಾಸಿಬಿ (ನಿಧನ 857) ಇಂಥ ಆತ್ಮಲೆಕ್ಕವನ್ನೇ ಶಾಸ್ತ್ರ ಮಾಡಿದವರು, ಅವರಿಗೆ ಆ ಹೆಸರು ಬಂದದ್ದೇ ‘ಲೆಕ್ಕ ಕೇಳಿಕೊಳ್ಳುವವನು’ ಎಂದು. ಯಾರನ್ನು ಮೆಚ್ಚಿಸಲು ಬರೆಯುತ್ತಿದ್ದೇನೆ, ಗೈಡ್‌ನ್ನೋ, ಜಮಾಅತ್‌ನ್ನೋ, ಫೇಸ್‌ಬುಕ್ಕನ್ನೋ ಎಂಬುದೂ ಆ ಲೆಕ್ಕದಲ್ಲಿ ಬರಲಿ.

ಪ್ರಶ್ನೆ ಕೇಳುವುದೇ ವಿಶ್ವಾಸದ ಕೊರತೆ ಎಂದು ಯಾರಾದರೂ ಹೆದರಿಸಿದರೆ 2:260 ತೋರಿಸಿ. ಸತ್ತವರನ್ನು ಹೇಗೆ ಬದುಕಿಸುವೆ, ತೋರಿಸು ಎಂದು ಇಬ್ರಾಹೀಮ್ ಕೇಳುತ್ತಾರೆ. ನಂಬಿಕೆಯಿಲ್ಲವೇ ಎಂಬುದಕ್ಕೆ ಅವರ ಉತ್ತರ: ಇದೆ, ಆದರೆ ನನ್ನ ಹೃದಯ ನೆಮ್ಮದಿಗೊಳ್ಳಲಿ ಎಂದು. ಅವರಿಗೆ ಗದರಿಕೆ ಸಿಗಲಿಲ್ಲ. ನಾಲ್ಕು ಹಕ್ಕಿಗಳ ಪ್ರಯೋಗ ಸಿಕ್ಕಿತು. ಕುಂದಿಲ್ಲದ ಹೃದಯ ಎಂಬ ಬಿರುದು ಇದೇ ಇಬ್ರಾಹೀಮರದ್ದು ಎಂಬುದನ್ನು ಮರೆಯಬೇಡಿ.

ಹಂತ 9: ಜನರ ಬಳಿ ಹೋಗುವುದಾದರೆ

ಮನಶ್ಶಾಸ್ತ್ರ, ಸಮಾಜಶಾಸ್ತ್ರದವರು ಸಂದರ್ಶನ, ಪ್ರಶ್ನಾವಳಿಗಳ ಮೂಲಕ ‘ಹೃದಯದ ಸ್ಥಿತಿ’ ಅಳೆಯಲು ಹೊರಡುತ್ತಾರೆ. ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿ 1970ರ ದಶಕದಲ್ಲೇ, ಪಶ್ಚಿಮದ ಮಾದರಿಗಳನ್ನು ಕಣ್ಣುಮುಚ್ಚಿ ನಕಲು ಮಾಡುವ ಮುಸ್ಲಿಮ್ ಮನಶ್ಶಾಸ್ತ್ರಜ್ಞರನ್ನು ಎಚ್ಚರಿಸಿದ್ದರು. ಅಷ್ಟೇ ದೊಡ್ಡ ಎಚ್ಚರಿಕೆ ಹದೀಸ್‌ನಲ್ಲಿದೆ. ಯುದ್ಧದಲ್ಲಿ ಒಬ್ಬ ‘ಲಾ ಇಲಾಹ ಇಲ್ಲಲ್ಲಾಹ್’ (ಅಲ್ಲಾಹನ ಹೊರತು ದೇವರಿಲ್ಲ) ಎಂದರೂ ಪ್ರವಾದಿಯವರ ಸಂಗಾತಿ ಉಸಾಮಾ ಬಿನ್ ಝೈದ್ ಅವನನ್ನು ಕೊಂದರು. ಪ್ರಾಣಭಯದಿಂದ ಹೇಳಿದ ಎಂಬುದು ಅವರ ಸಮಜಾಯಿಷಿ. ಪ್ರವಾದಿಯವರು (ಸ) ಕೇಳಿದರು: ‘ನೀನು ಅವನ ಹೃದಯ ಸೀಳಿ ನೋಡಿದ್ದೆಯಾ?’

ಹಾಗಾಗಿ ನಿಮ್ಮ ಪ್ರಶ್ನಾವಳಿ ಅಳೆಯುವುದು ಜನ ತಮ್ಮ ಹೃದಯದ ಬಗ್ಗೆ ಏನು ಹೇಳಿಕೊಳ್ಳುತ್ತಾರೆ ಎಂಬುದನ್ನು, ಹೃದಯವನ್ನಲ್ಲ. ಪ್ರಬಂಧದ ಶೀರ್ಷಿಕೆಯಲ್ಲೇ ಆ ವ್ಯತ್ಯಾಸ ಕಾಣಲಿ. ಯಾರದೇ ಹೃದಯಕ್ಕೆ ‘ರೋಗಗ್ರಸ್ತ’, ‘ಮುದ್ರಿತ’ ಎಂದು ಅಂಕ ಕೊಡುವ ಮಾಪಕ ತಯಾರಿಸಬೇಡಿ. ಕುರ್‌ಆನ್ ಆ ವರ್ಗೀಕರಣ ಮಾಡಿದೆ ನಿಜ, ಅದನ್ನು ನೆರೆಯವನ ಮೇಲೆ ಪ್ರಯೋಗಿಸುವ ಅಧಿಕಾರ ಕೊಟ್ಟಿಲ್ಲ. ಒಳಗುಟ್ಟು ಕೆದಕಬೇಡಿ, ಬೆನ್ನ ಹಿಂದೆ ಆಡಿಕೊಳ್ಳಬೇಡಿ ಎಂಬ 49:12ರ ತಾಕೀತು ಸಂದರ್ಶನದ ಕೊಠಡಿಗೂ ಅನ್ವಯಿಸುತ್ತದೆ. ಒಪ್ಪಿಗೆ ಪಡೆಯಿರಿ, ಹೆಸರು ಅಳಿಸಿ, ತಾನಾಗಿ ಮುಚ್ಚಿಟ್ಟ ಪಾಪವನ್ನು ಹೇಳಿಸುವ ಪ್ರಶ್ನೆ ಹಾಕಬೇಡಿ.

ಹಂತ 10: ಬರೆಯುವುದು, ತೋರಿಸುವುದು

ನಮ್ಮ ಉದಾಹರಣೆಯ ತೀರ್ಮಾನವನ್ನು ಬರೆಯುವ ಒಂದು ಬಗೆ: ಕಾರಣ ಹೇಳಿರುವ ಎಲ್ಲ ವಚನಗಳಲ್ಲೂ ಹೃದಯ ಮುಚ್ಚುವುದು ಮನುಷ್ಯನ ನಡತೆಯ ನಂತರ, ಕಾರಣ ಹೇಳದ ವಚನಗಳನ್ನು ಆ ಬೆಳಕಿನಲ್ಲಿ ಓದುವುದು ತಬರಿ ಮುಂತಾದವರ ದಾರಿ, ಆದರೂ ಕ್ರಿಯೆಯ ಕರ್ತೃ ಅಲ್ಲಾಹನೇ ಎಂಬ ಮಾತು ಉಳಿಯುತ್ತದೆ, ಅದನ್ನು ಅಲಂಕಾರ ಎಂದು ಕರಗಿಸಿಬಿಡಲು ಪಠ್ಯ ಒಪ್ಪುವುದಿಲ್ಲ ಎಂಬುದು ನನ್ನ ಓದು. ಮೂರು ಭಾಗಗಳೂ ಬೇರೆ ಬೇರೆ ತೂಕದವು. ಪಠ್ಯದಲ್ಲಿರುವುದು, ಪರಂಪರೆ ಹೇಳಿದ್ದು, ನೀವು ಊಹಿಸಿದ್ದು, ಇವನ್ನು ಓದುಗರು ವಾಕ್ಯ ನೋಡಿಯೇ ಗುರುತಿಸುವಂತಿರಬೇಕು. ಉತ್ತರ ಸಿಗದ ಕಡೆ ಹಾಗೆಂದೇ ಬರೆಯಿರಿ. ಮದೀನಾದ ಇಮಾಮ್ ಮಾಲಿಕ್ ತಮ್ಮ ಮುಂದೆ ಇಟ್ಟ ಪ್ರಶ್ನೆಗಳಲ್ಲಿ ಬಹುಪಾಲಿಗೆ ‘ನನಗೆ ತಿಳಿಯದು’ ಎಂದದ್ದು ಪ್ರಸಿದ್ಧ. ಅವರ ಪಾಂಡಿತ್ಯಕ್ಕೆ ಅದರಿಂದ ಮುಕ್ಕಾಗಲಿಲ್ಲ.

ಕರಡನ್ನು ಇಬ್ಬರಿಗೆ ಕೊಡಿ. ಒಬ್ಬರು ಅರಬಿ ಬಲ್ಲ ಉಸ್ತಾದ್. ಅವರಿಗೆ ವಚನ, ಹದೀಸ್‌ಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಕೊಟ್ಟು ಬಿಟ್ಟುಹೋದದ್ದನ್ನು ಹುಡುಕಲು ಹೇಳಿ. ಇನ್ನೊಬ್ಬರು ನಿಮ್ಮ ಪಂಥದವರಲ್ಲದವರು, ಸಾಧ್ಯವಾದರೆ ಮುಸ್ಲಿಮರೇ ಅಲ್ಲದವರು. ಅವರಿಗೆ ಹಂತ 3ರ ಪಟ್ಟಿಯನ್ನಷ್ಟೇ ತೋರಿಸಿ, ನಿಮ್ಮ ತೀರ್ಮಾನ ಹೇಳದೆ, ಇದರಿಂದ ನಿಮಗೇನು ಕಾಣುತ್ತದೆ ಎಂದು ಕೇಳಿ. ಅವರ ಉತ್ತರ ನಿಮ್ಮದಕ್ಕೆ ಹತ್ತಿರ ಬಂದರೆ ಅಚ್ಚಿಗೆ ಕಳಿಸಬಹುದು. ಬರದಿದ್ದರೆ ಹಂತ 8ಕ್ಕೆ ಹಿಂದಿರುಗುವ ಮುನ್ನ ಹಂತ 3ರ ಖಾಲಿ ಅಂಕಣಗಳನ್ನು ನೋಡಿ. ಸಾಮಾನ್ಯವಾಗಿ ಅಲ್ಲೇ ಯಾವುದೋ ಒಂದನ್ನು ಸದ್ದಿಲ್ಲದೆ ತುಂಬಿಬಿಟ್ಟಿರುತ್ತೇವೆ.